ಹೊಸ ಸುತ್ತೋಲೆ ಅಂಟಿಸಿದಿರಾ?

ಫೆಬ್ರವರಿ ಬಂತೆಂದರೆ ನಮ್ಮ ಸೂರಗೊಂಡನಕೊಪ್ಪದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಫೆಬ್ರವರಿ 15ರ ಸಂತ ಸೇವಾಲಾಲರ ಜಯಂತಿಗೆ ನಾಡಿನ ಮೂಲೆಮೂಲೆಯಿಂದ ಬಂಜಾರ ಭಕ್ತರು ಭಾಯಾಗಡಕ್ಕೆ ಬರುತ್ತಾರೆ. ಅಷ್ಟೂ ಜನರ ಕೈಯಲ್ಲಿ ಮೊಬೈಲು. ಹಾಗಾಗಿ ಜಾತ್ರೆ ಮುಗಿಯುವವರೆಗೆ ನಮ್ಮ ಮನೆಯಲ್ಲಿ ನೆಟ್‌ವರ್ಕ್ ಇದ್ದೂ ಇಲ್ಲದಂತೆ.

ಇಂಥದೇ ಒಂದು ಜಾತ್ರೆಗೆ, ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುವ ಮೊಮ್ಮಗಳು ಬಂದಿದ್ದಳು. ನನ್ನ ಹಳೇ ಕಂಪ್ಯೂಟರಿನ ಮುಂದೆ ಕೂತವಳು, "ಅಜ್ಜಾ, ಇದಕ್ಕೆ ಅಪ್‌ಡೇಟ್ ಹಾಕಿ ಎಷ್ಟು ದಿನ ಆಯ್ತು?" ಎಂದು ಕೇಳಿದಳು. ಡೇಟಾ ಸುಮ್ಮನೆ ಖರ್ಚಾಗುತ್ತದೆಂದು ನಾನು ಅದನ್ನು ನಿಲ್ಲಿಸಿ ವರ್ಷಗಳೇ ಆಗಿದ್ದವು. ಓಣಿಯ ಮಹಿಳಾ ಸಂಘದ ಉಳಿತಾಯ, ಸಾಲದ ಲೆಕ್ಕವೆಲ್ಲ ಇರುವುದು ಅದರಲ್ಲೇ.

ಅವಳು ತನ್ನ ಲ್ಯಾಪ್‌ಟಾಪ್ ತೆರೆದು, ನನ್ನ ಕಂಪ್ಯೂಟರಿನಲ್ಲಿದ್ದ 'ವಿಂಡೋಸ್ 7' ಎಂಬ ಹೆಸರನ್ನು ಟೈಪ್ ಮಾಡಿದಳು. ಪರದೆಯ ತುಂಬ ಸಾಲುಸಾಲು ಸಂಖ್ಯೆಗಳು ಬಂದವು.

"ನೆಟ್ ಇಲ್ಲದೆ ಹೇಗೆ ಹುಡುಕಿದೆ ಪುಟ್ಟಿ?"

"ಹಾಸ್ಟೆಲಿನಲ್ಲೇ ಇಡೀ ಪಟ್ಟಿ ಇಳಿಸಿಕೊಂಡು ಬಂದಿದ್ದೆ ಅಜ್ಜಾ."

ಮಕ್ಕಳೇ, ಅದು ಯಾವ ಪಟ್ಟಿ ಗೊತ್ತೇ? ತಂತ್ರಾಂಶವನ್ನು ಬರೆಯುವವರು ಮನುಷ್ಯರೇ ತಾನೆ? ಬಾಗಿಲಿನ ಚಿಲಕ ಸಡಿಲ ಉಳಿಯುವ ಹಾಗೆ ಅದರಲ್ಲೂ ದೋಷಗಳು ಉಳಿದುಬಿಡುತ್ತವೆ. ಕಳ್ಳರು ಅದನ್ನೇ ದಾರಿ ಮಾಡಿಕೊಂಡು ಒಳಗೆ ನುಗ್ಗುತ್ತಾರೆ. ಪತ್ತೆಯಾದ ಇಂಥ ದೋಷಗಳಿಗೆಲ್ಲ ಒಂದೊಂದು ಸಂಖ್ಯೆ ಕೊಟ್ಟು ಪಟ್ಟಿ ಮಾಡಿದ್ದಾರೆ. ಅದಕ್ಕೆ 'ಸಿವಿಇ' ಎಂದು ಹೆಸರು. ಅಮೆರಿಕದ ಮೈಟರ್ ಎಂಬ ಸಂಸ್ಥೆ 1999ರಲ್ಲಿ ಇದನ್ನು ಆರಂಭಿಸಿದಾಗ ಪಟ್ಟಿಯಲ್ಲಿದ್ದದ್ದು 321 ದೋಷಗಳು. ಈಗ ಒಂದೊಂದು ವರ್ಷಕ್ಕೇ ಹತ್ತಾರು ಸಾವಿರ ಸೇರುತ್ತವೆ. ನಮ್ಮ ದೇಶದಲ್ಲಿ ಇಂಥ ಎಚ್ಚರಿಕೆಗಳನ್ನು ಕೊಡುವ ಕೆಲಸವನ್ನು 2004ರಿಂದ ಸರ್ಕಾರದ 'ಸರ್ಟ್-ಇನ್' ಮಾಡುತ್ತಿದೆ.

ಸಂಖ್ಯೆ ಯಾಕೆ ಬೇಕು? ಒಬ್ಬನೇ ಹುಡುಗ ಮನೆಯಲ್ಲಿ ಮಂಜ, ಶಾಲೆಯಲ್ಲಿ ಮಂಜುನಾಥ, ಪೇಟೆಯಲ್ಲಿ ಮಂಜಣ್ಣ. ಬ್ಯಾಂಕಿನಲ್ಲಿ ಮಾತ್ರ ಅವನಿಗೆ ಒಂದೇ ಖಾತೆ ಸಂಖ್ಯೆ. ಹಿಂದೆ ಒಂದೇ ದೋಷಕ್ಕೆ ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟು ಗೊಂದಲವಾಗುತ್ತಿತ್ತು. ಸಂಖ್ಯೆ ಬಂದ ಮೇಲೆ ಅದು ತಪ್ಪಿತು.

ಮೊಮ್ಮಗಳು ಒಂದು ಸಾಲನ್ನು ತೋರಿಸಿದಳು: ಸಿವಿಇ-2017-0144. ನಡುವಿನದು ವರ್ಷ, ಕೊನೆಯದು ಆ ವರ್ಷದ ಕ್ರಮಸಂಖ್ಯೆ. ಈ ದೋಷವನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದೇ ಕೊಟ್ಟಿತ್ತು. ಹಾಕಿಕೊಂಡವರು ಬಚಾವಾದರು. ಉಳಿದವರ ಕಂಪ್ಯೂಟರುಗಳಿಗೆ ಮೇ 12ರಂದು 'ವನ್ನಾಕ್ರೈ' ಎಂಬ ಪೀಡೆ ನುಗ್ಗಿತು. ಕಡತಗಳಿಗೆಲ್ಲ ಬೀಗ ಹಾಕಿ, ತೆಗೆಯಬೇಕಾದರೆ ಹಣ ಕೊಡಿ ಎಂದಿತು. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳು ಸಿಕ್ಕಿಬಿದ್ದವು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳು ಮುಂದಕ್ಕೆ ಹೋದವು. ನಮ್ಮ ಪಕ್ಕದ ವಯನಾಡಿನ ಪಂಚಾಯಿತಿ ಕಚೇರಿಯನ್ನೂ ಅದು ಬಿಡಲಿಲ್ಲ. ಔಷಧ ಬಂದು 59 ದಿನವಾಗಿತ್ತು, ಕುಡಿದಿರಲಿಲ್ಲ ಅಷ್ಟೆ.

"ಹಾಗಾದರೆ ಪಟ್ಟಿಯನ್ನು ಬಚ್ಚಿಡುವುದಲ್ಲವೇ? ಕಳ್ಳನಿಗೂ ಸಿಗುತ್ತದಲ್ಲ!" ಅಂದೆ.

"ಕಳ್ಳ ಹೇಗೂ ಹುಡುಕಿಕೊಳ್ಳುತ್ತಾನೆ ಅಜ್ಜಾ. ಗೊತ್ತಾಗಬೇಕಾದ್ದು ಮನೆಯವರಿಗೆ."

ಪಟ್ಟಿಯನ್ನು ಹತ್ತಿರವೇ ಇಟ್ಟುಕೊಳ್ಳುವುದಕ್ಕೆ ಜಾತ್ರೆಯೊಂದೇ ಕಾರಣವಲ್ಲ. ಕೆಲವು ಮುಖ್ಯ ಯಂತ್ರಗಳನ್ನು ಸುರಕ್ಷತೆಗಾಗಿಯೇ ಇಂಟರ್ನೆಟ್ಟಿಗೆ ಸೇರಿಸುವುದಿಲ್ಲ. ಅವುಗಳ ತಪಾಸಣೆಗೆ ಪಟ್ಟಿ ಒಳಗೇ ಇರಬೇಕು. ಜೊತೆಗೆ, 'ನಮ್ಮ ಮನೆಯ ಬೀಗ ಇಂಥದ್ದು, ಇದು ಗಟ್ಟಿಯೇ?' ಎಂದು ಬೀದಿಯಲ್ಲಿ ನಿಂತು ಕೇಳಿದರೆ ಕೇಳಬಾರದವನ ಕಿವಿಗೂ ಬೀಳುತ್ತದಲ್ಲವೇ?

ಇದೆಲ್ಲ ಕೇಳುತ್ತ ನನಗೆ ನಲವತ್ತು ವರ್ಷದ ಹಿಂದಿನ ಒಂದು ಮಧ್ಯಾಹ್ನ ನೆನಪಾಯಿತು. ಆಗ ನಮ್ಮ ಬ್ಯಾಂಕಿನಲ್ಲೂ ಇಂಥ ಪಟ್ಟಿಯಿತ್ತು. ಯಾವುದಾದರೂ ಶಾಖೆಯಲ್ಲಿ ಡಿಮ್ಯಾಂಡ್ ಡ್ರಾಫ್ಟ್ ಹಾಳೆ ಕಳವಾದರೆ ಅದರ ಸಂಖ್ಯೆ ಸುತ್ತೋಲೆಯಲ್ಲಿ ಎಲ್ಲ ಶಾಖೆಗಳಿಗೂ ಬರುತ್ತಿತ್ತು. ಅದನ್ನು ಕಡತಕ್ಕೆ ಅಂಟಿಸುವುದು, ಡ್ರಾಫ್ಟ್ ಬಂದಾಗ ತೆಗೆದು ನೋಡುವುದು ಗುಮಾಸ್ತನಾದ ನನ್ನ ಕೆಲಸ.

ಅಂದು ನಯವಾಗಿ ಮಾತಾಡುವ ಒಬ್ಬರು 8 ಸಾವಿರ ರೂಪಾಯಿಯ ಡ್ರಾಫ್ಟ್ ತಂದರು. ಅದು ನನ್ನ ಆರು ತಿಂಗಳ ಸಂಬಳಕ್ಕೂ ಹೆಚ್ಚು! ಕಡತ ನೋಡಿದೆ, ಸಂಖ್ಯೆ ಇರಲಿಲ್ಲ. ಸಹಿ ಹಾಕಿ ಅಧಿಕಾರಿಗಳ ಮೇಜಿಗೆ ಕಳಿಸುವವನಿದ್ದೆ. ಅಷ್ಟರಲ್ಲಿ ನಮ್ಮ ಜವಾನರು, "ಸಾರ್, ಹೊಸ ಸುತ್ತೋಲೆ ಅಂಟಿಸಿದಿರಾ?" ಎಂದರು. ನಿನ್ನೆಯ ಟಪಾಲು ಒಡೆಯದೆ ನನ್ನ ಡ್ರಾಯರಿನಲ್ಲೇ ಇತ್ತು. ಒಡೆದರೆ ಎರಡನೆಯ ಸಾಲಿನಲ್ಲೇ ಆ ಸಂಖ್ಯೆ! ತಲೆಯೆತ್ತುವಷ್ಟರಲ್ಲಿ ಕೌಂಟರಿನ ಮುಂದೆ ಯಾರೂ ಇರಲಿಲ್ಲ. ಆ ದಿನ ನನ್ನ ನೌಕರಿಯನ್ನು ಉಳಿಸಿದ್ದು ಪಟ್ಟಿಯಲ್ಲ, ಅದು ಹಳತಾಗಿದೆಯೇ ಎಂದು ಕೇಳಿದ ಒಬ್ಬ ಮನುಷ್ಯ.

ನಾನು ಮೊಮ್ಮಗಳನ್ನೂ ಅದನ್ನೇ ಕೇಳಿದೆ. "ನಿನ್ನ ಪಟ್ಟಿ ಯಾವತ್ತಿನದು?"

"ಹೋದ ಭಾನುವಾರದ್ದು," ಎಂದು ನಕ್ಕಳು. "ಆಮೇಲೆ ಸಿಕ್ಕಿದ ದೋಷ ಇದರಲ್ಲಿ ಇರೋದಿಲ್ಲ. ಪಟ್ಟಿಯಲ್ಲಿ ಇಲ್ಲ ಅಂದರೆ ದೋಷವೇ ಇಲ್ಲ ಅಂತ ಅಲ್ಲ ಅಜ್ಜಾ."

ವಿಂಡೋಸ್ 7ಕ್ಕೆ ಉಚಿತ ಸುರಕ್ಷತಾ ಅಪ್‌ಡೇಟ್ 2020ರ ಜನವರಿ 14ಕ್ಕೇ ನಿಂತುಹೋಗಿದೆಯಂತೆ. ಆಮೇಲೆ ಸಿಕ್ಕಿದ ದೋಷಗಳಿಗೆ ನನ್ನ ಕಂಪ್ಯೂಟರಿನಲ್ಲಿ ಮದ್ದೇ ಇಲ್ಲ. ಅವಳು ಸಂಘದ ಲೆಕ್ಕವನ್ನೆಲ್ಲ ಪೆನ್‌ಡ್ರೈವಿಗೆ ನಕಲು ಮಾಡಿ, ನೆಟ್ಟಿನ ಸಂಪರ್ಕ ಕಿತ್ತು, "ಬೇರೆ ಕಂಪ್ಯೂಟರ್ ಬರುವವರೆಗೂ ಇದನ್ನು ನೆಟ್ಟಿಗೆ ಹಾಕಬೇಡ" ಎಂದಳು. ಹಾಕಿಲ್ಲ.

ಮಕ್ಕಳೇ, ಇಂದೇ ಅಜ್ಜ-ಅಜ್ಜಿಯ ಮೊಬೈಲಿನ ಸೆಟ್ಟಿಂಗ್ಸ್ ತೆರೆದು ಕೊನೆಯ ಸುರಕ್ಷತಾ ಅಪ್‌ಡೇಟ್ ಯಾವ ದಿನದ್ದು ಎಂದು ಅವರ ಜೊತೆಯಲ್ಲೇ ಕೂತು ನೋಡಿ. ಅಪ್‌ಡೇಟನ್ನು ಅಲ್ಲಿಂದಲೇ ಹಾಕಿ, ಯಾರೋ ಕಳಿಸಿದ ಲಿಂಕ್ ಒತ್ತಬೇಡಿ. ಬೇರೆಯವರ ಮನೆಯ ಚಿಲಕ ಸಡಿಲವಿದ್ದದ್ದು ಕಂಡರೆ ಮನೆಯವರಿಗೆ ಹೇಳಬೇಕೇ ಹೊರತು ಒಳಗೆ ಕಾಲಿಡಬಾರದು. ಅನುಮತಿಯಿಲ್ಲದೆ ಇನ್ನೊಬ್ಬರ ಕಂಪ್ಯೂಟರಿಗೆ ನುಗ್ಗುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಕಾನೂನುಬಾಹಿರ.

ನನ್ನ ಮೊಬೈಲಿನ ಅಪ್‌ಡೇಟ್ ತಾರೀಖನ್ನು ಈಗ ಪ್ರತಿ ಭಾನುವಾರ ನೋಡಿ ಡೈರಿಯಲ್ಲಿ ಬರೆದಿಡುತ್ತೇನೆ. ಮರೆತರೆ ಶಿವಮೊಗ್ಗದಿಂದ ಫೋನು ಬರುತ್ತದೆ: "ಅಜ್ಜಾ, ಹೊಸ ಸುತ್ತೋಲೆ ಅಂಟಿಸಿದೆಯಾ?"