ಪ್ರೊಪೆಲರಿನ ಆಯುಷ್ಯ ಎಷ್ಟು?

ಮಲಪನಗುಡಿಯ ಮನೆಗಳಲ್ಲಿ ಸೀಲಿಂಗ್ ಫ್ಯಾನ್ ಒರೆಸುವವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಕೆಂಪು ದೂಳು ದಪ್ಪಗೆ ಮೆತ್ತಿಕೊಳ್ಳುವುದು ಅಲಗಿನ ಮುಂಚೂಣಿಯ ಅಂಚಿನಲ್ಲಿ, ಅಂದರೆ ಗಾಳಿಯನ್ನು ಮೊದಲು ಸೀಳುವ ಕಡೆಯಲ್ಲಿ. ಫ್ಯಾನು ನಿಮಿಷಕ್ಕೆ 350 ಸುತ್ತು ತಿರುಗುವಾಗ ಅಲಗಿನ ತುದಿಯ ವೇಗ ಗಂಟೆಗೆ ಸುಮಾರು 80 ಕಿಲೋಮೀಟರ್. ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ಬಸ್ಸಿನಷ್ಟು. ಆ ವೇಗದಲ್ಲಿ ದೂಳು ಬಂದು ಕೂರುತ್ತದೆ. ಅದೇ ಅಲಗು ಹತ್ತು ಪಟ್ಟು ವೇಗವಾಗಿ ಓಡಿದರೆ? ಆಗ ದೂಳು ಕೂರುವುದಿಲ್ಲ, ಕೊರೆಯುತ್ತದೆ.

ಇಬ್ಬರು ಕೂರುವ ಪುಟ್ಟ ವಿಮಾನದ ಪ್ರೊಪೆಲರಿನ ಕಥೆ ಇದೇ. ಈ ವಿಮಾನಗಳಲ್ಲಿ ಬಳಸುವ ರೋಟಾಕ್ಸ್ 914 ಎಂಜಿನ್ನನ್ನು ತೆಗೆದುಕೊಳ್ಳಿ. ಅದರ ಅಕ್ಷ ಗರಿಷ್ಠ 5,800 ಸುತ್ತು ತಿರುಗುತ್ತದೆ. ಗೇರುಗಳು ಅದನ್ನು 2.43ರಿಂದ ಭಾಗಿಸಿ ಪ್ರೊಪೆಲರಿಗೆ ಸುಮಾರು 2,400 ಸುತ್ತು ಕೊಡುತ್ತವೆ. ಪ್ರೊಪೆಲರಿನ ವ್ಯಾಸ 1.7 ಮೀಟರ್ ಎಂದಿಟ್ಟುಕೊಳ್ಳಿ. ಪರಿಧಿಯನ್ನು ಸೆಕೆಂಡಿಗೆ 40 ಸುತ್ತಿನಿಂದ ಗುಣಿಸಿದರೆ ತುದಿಯ ವೇಗ ಸೆಕೆಂಡಿಗೆ ಸುಮಾರು 214 ಮೀಟರ್, ಅಂದರೆ ಗಂಟೆಗೆ 770 ಕಿಲೋಮೀಟರ್. ಹತ್ತನೇ ತರಗತಿಯ ಮಕ್ಕಳು ಈ ಲೆಕ್ಕವನ್ನು ಪೆನ್ಸಿಲ್ ಹಿಡಿದು ತಾವೇ ಮಾಡಿ ನೋಡಬಹುದು.

ಪ್ರೊಪೆಲರ್ ಈಗ ಸಂಯುಕ್ತ ವಸ್ತುವಿನದು, ಅಂದರೆ ಗಾಜಿನ ಇಲ್ಲವೆ ಇಂಗಾಲದ ನಾರನ್ನು ಎಪಾಕ್ಸಿ ಅಂಟಿನಲ್ಲಿ ನೆನೆಸಿ ಗಟ್ಟಿ ಮಾಡಿದ್ದು ಎಂದು ತರಗತಿಯಲ್ಲಿ ಹೇಳಿದಾಗ ಹುಡುಗನೊಬ್ಬ ಎದ್ದು ನಿಂತು, "ಸರ್, ಅದು ಪ್ಲಾಸ್ಟಿಕ್ ಇದ್ದಂಗಲ್ರಿ, ಮುರಿಯೋದಿಲ್ಲೇನ್ರಿ?" ಎಂದ. ಒಳ್ಳೆಯ ಪ್ರಶ್ನೆ. ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣಕ್ಕೆ ಬಂದಿರುವ ಎಟಿಆರ್-72 ವಿಮಾನಗಳ ಆರು ಅಲಗಿನ ಪ್ರೊಪೆಲರ್ ಕೂಡ ಸಂಯುಕ್ತ ವಸ್ತುವಿನದೇ. ಎಪ್ಪತ್ತು ಜನರನ್ನು ಹೊತ್ತೊಯ್ಯುವ ವಿಮಾನವನ್ನು ಅದು ಎಳೆಯುತ್ತದೆ ಎಂದ ಮೇಲೆ ಬಲದ ಬಗ್ಗೆ ಅನುಮಾನ ಬೇಡ. ಪ್ರಶ್ನೆ ಇರುವುದು ಬಾಳಿಕೆಯದು.

ಈ ವಿದ್ಯೆ ನಮ್ಮ ರಾಜ್ಯಕ್ಕೆ ಹೊಸದಲ್ಲ. ಅಮೆರಿಕದ ಬರ್ಟ್ ರುಟಾನ್ ಮನೆಯಲ್ಲೇ ಕಟ್ಟಿಕೊಳ್ಳುವವರಿಗಾಗಿ ಲಾಂಗ್-ಈಝಿ ಎಂಬ ವಿಮಾನದ ನಕ್ಷೆ ರೂಪಿಸಿದ್ದರು. ಹಗುರ ನೊರೆಹಲಗೆಯನ್ನು ಕತ್ತರಿಸಿ ಮೇಲೆ ಗಾಜುನಾರಿನ ಬಟ್ಟೆ ಹೊದಿಸಿ ಮಾಡುವ ವಿಮಾನ ಅದು. ಅದನ್ನೇ ಆಧರಿಸಿ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ (ಎನ್.ಎ.ಎಲ್.) ಒಂದು ಸಂಶೋಧನಾ ವಿಮಾನ ಕಟ್ಟಿ 1987ರಲ್ಲಿ ಹಾರಿಸಿತು. ಆ ಅನುಭವದ ಬೆನ್ನಿಗೇ ಬಂದದ್ದು ಸಂಯುಕ್ತ ವಸ್ತುವಿನ ತರಬೇತಿ ವಿಮಾನ 'ಹಂಸ'. ಅದರ ಮೊದಲ ಹಾರಾಟ 1993ರ ನವೆಂಬರ್‌ನಲ್ಲಿ. ಹಂಸ-3 ವಿಮಾನಕ್ಕೆ ರೋಟಾಕ್ಸ್ 914 ಎಂಜಿನ್ನನ್ನೂ ಜರ್ಮನಿಯ ಹಾಫ್‌ಮನ್ ಪ್ರೊಪೆಲರನ್ನೂ ಜೋಡಿಸಿದರು. ಇನ್ನು ಬೆಂಗಳೂರಿನ ರಾಜಹಂಸ ಸಂಸ್ಥೆಯ ಎಕ್ಸ್-ಏರ್ ಹಗುರ ವಿಮಾನ ಬಿಡಿಭಾಗಗಳ ಪೆಟ್ಟಿಗೆಯಾಗಿ ಬ್ರಿಟನ್ನಿಗೂ ಹೋಯಿತು. ಕೊಂಡವರು ಅಲ್ಲಿ ತಮ್ಮ ಶೆಡ್ಡಿನಲ್ಲೇ ಜೋಡಿಸಿಕೊಂಡು ಹಾರಿದರು.

ಪ್ರೊಪೆಲರ್ ಮೊದಲು ಮರದ್ದೇ ಆಗಿತ್ತು. 1903ರಲ್ಲಿ ರೈಟ್ ಸಹೋದರರು ಸ್ಪ್ರೂಸ್ ಮರದ ಪಟ್ಟಿಗಳನ್ನು ಅಂಟಿಸಿ ಕೆತ್ತಿ, ತುದಿಗೆ ಕ್ಯಾನ್ವಾಸ್ ಬಟ್ಟೆ ಹೊದಿಸಿದ್ದರು. ಮರ ಎಂಜಿನ್ನಿನ ಕಂಪನವನ್ನು ನುಂಗಿಕೊಳ್ಳುತ್ತದೆ. ಆದರೆ ಮಳೆಗಾಲದಲ್ಲಿ ತೇವ ಹೀರಿ ಉಬ್ಬುತ್ತದೆ, ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಕುಗ್ಗುತ್ತದೆ. ಕುಗ್ಗಿದಾಗ ಬೋಲ್ಟುಗಳು ಸಡಿಲವಾಗಿ, ಬುಡ ಉಜ್ಜಿ ಮರ ಕರಿಕಾಗುವುದೂ ಉಂಟು. ಅಲ್ಯೂಮಿನಿಯಂ ತೇವಕ್ಕೆ ಜಗ್ಗದು. ಅದರ ಶತ್ರು ದಣಿವು: ಕಲ್ಲು ತಗುಲಿ ಉಗುರಿನಷ್ಟು ಕಚ್ಚು ಬಿದ್ದರೆ ಬಲವೆಲ್ಲ ಅಲ್ಲಿ ಕೇಂದ್ರೀಕರಿಸಿ, ಲಕ್ಷಾಂತರ ಸುತ್ತುಗಳಲ್ಲಿ ಬಿರುಕು ಬೆಳೆದು ಒಂದು ದಿನ ತುಂಡಾಗುತ್ತದೆ. ಸಂಯುಕ್ತ ವಸ್ತುವಿನಲ್ಲಿ ಬಿರುಕು ಹಾಗೆ ಓಡುವುದಿಲ್ಲ. ಅಡ್ಡ ಬರುವ ಒಂದೊಂದು ನಾರೂ ಅದನ್ನು ತಡೆಯುತ್ತದೆ.

ಹಾಗಾದರೆ ಅದು ಸವೆಯುವುದೆಲ್ಲಿ? ಮೊದಲನೆಯ ಜಾಗ ಮುಂಚೂಣಿಯ ಅಂಚು. ನಾರು ಗಟ್ಟಿ, ಅದನ್ನು ಹಿಡಿದಿಟ್ಟ ಅಂಟು ಮೆದು. ನೆಲದಲ್ಲಿನ ಬೆಣಚುಕಲ್ಲಿನ ಮರಳಿನ ಗಡಸುತನ ಮೋಸ್ ಮಾಪಕದಲ್ಲಿ 7. ಸಂಡೂರಿನ ಹೆಮಟೈಟ್ ಅದಿರಿನದು ಆರರ ಆಸುಪಾಸು. ಎರಡಕ್ಕೂ ಎಪಾಕ್ಸಿ ಎದುರಾಳಿಯೇ ಅಲ್ಲ. ಮಳೆಹನಿ ಕೂಡ ಗಂಟೆಗೆ 770 ಕಿಲೋಮೀಟರಿನಲ್ಲಿ ಬಡಿದರೆ ನೀರಾಗಿ ಉಳಿಯುವುದಿಲ್ಲ, ಸುತ್ತಿಗೆಯಾಗುತ್ತದೆ. ಅದಕ್ಕೆಂದೇ ಅಂಚಿಗೆ ಪಾಲಿಯುರೆಥೇನ್ ಪಟ್ಟಿಯನ್ನೋ ನಿಕ್ಕಲ್ ಇಲ್ಲವೆ ಉಕ್ಕಿನ ತಗಡನ್ನೋ ಹಾಕುತ್ತಾರೆ. ಲಾಂಗ್-ಈಝಿಯಂಥ ವಿಮಾನಗಳಿಗೆ ಇನ್ನೊಂದು ಕಷ್ಟ. ಅವುಗಳ ಪ್ರೊಪೆಲರ್ ಹಿಂದೆ ಇರುತ್ತದೆ. ಚಕ್ರ ಚಿಮ್ಮಿಸಿದ ಕಲ್ಲು ನೇರವಾಗಿ ಅದಕ್ಕೇ ಹೋಗಿ ಬಡಿಯುತ್ತದೆ. ನಮ್ಮೂರ ಗರಸು ರಸ್ತೆಯಂಥ ನೆಲದಿಂದ ಹಾರಿಸಿದರೆ ಯಾವ ಅಲಗೂ ಹೆಚ್ಚು ಕಾಲ ಬಾಳದು.

ಎರಡನೆಯದು ಕಣ್ಣಿಗೆ ಬೀಳದ ಹಾನಿ, ನನಗೆ ಹೆಚ್ಚು ಭಯ ಹುಟ್ಟಿಸುವುದು ಇದೇ. ಲೋಹಕ್ಕೆ ಪೆಟ್ಟು ಬಿದ್ದರೆ ತಗ್ಗು ಬೀಳುತ್ತದೆ, ನೋಡಿದರೆ ತಿಳಿಯುತ್ತದೆ. ಸಂಯುಕ್ತ ಅಲಗು ಪೆಟ್ಟು ತಿಂದು ಮೇಲ್ಮೈಯಲ್ಲಿ ಮತ್ತೆ ನುಣುಪಾಗಿ ಕಾಣಬಹುದು. ಒಳಗೆ ಮಾತ್ರ ಪದರಗಳು ಬಿಟ್ಟುಕೊಂಡಿರುತ್ತವೆ. ಇದನ್ನು ಪತ್ತೆ ಹಚ್ಚುವ ಮೊದಲ ಉಪಾಯ ಸಂತೆಯಲ್ಲಿ ಮಡಕೆ ಕೊಳ್ಳುವ ಅಜ್ಜಿಯದೇ: ನಾಣ್ಯದಿಂದ ಮೆಲ್ಲಗೆ ತಟ್ಟುತ್ತ ಹೋಗುವುದು. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತದೆ, ಪದರ ಬಿಟ್ಟಲ್ಲಿ ದಬ್ ಎನ್ನುತ್ತದೆ. ಅನುಮಾನ ಬಂದರೆ ಶ್ರವಣಾತೀತ ಧ್ವನಿಯ ಪರೀಕ್ಷೆ.

ಇಷ್ಟು ಎಚ್ಚರಿಕೆ ಏಕೆಂದರೆ, ತುದಿಯಲ್ಲಿನ ಕೇಂದ್ರಾಭಿಮುಖ ವೇಗೋತ್ಕರ್ಷ ಗುರುತ್ವದ ಸುಮಾರು 5,500 ಪಟ್ಟು. ಒಂದು ಅಲಗಿನ ತುದಿಯಿಂದ 50 ಗ್ರಾಂ ಚೂರು ಹಾರಿಹೋಯಿತು ಎನ್ನಿ. ತೂಕ ತಪ್ಪಿದ ಪ್ರೊಪೆಲರ್ ಎಂಜಿನ್ನನ್ನು 275 ಕಿಲೋ ತೂಕದಷ್ಟು ಬಲದಿಂದ, ದಿಕ್ಕು ಬದಲಿಸುತ್ತ, ಸೆಕೆಂಡಿಗೆ 40 ಸಲ ಜಗ್ಗುತ್ತದೆ. ಎಂಜಿನ್ನಿನ ಸ್ವಂತ ತೂಕ ನೂರು ಕಿಲೋ ಕೂಡ ಇರುವುದಿಲ್ಲ. ಅದನ್ನು ಹಿಡಿದ ಕೊಳವೆಗಳು ಕಿತ್ತುಹೋಗುವ ಮುನ್ನ ಪೈಲಟ್ ಎಂಜಿನ್ ಆರಿಸಿ, ತೇಲಿಸುತ್ತ ಇಳಿಸಬೇಕು. ಕೆಳಗೆ ಬಯಲು ಸಿಕ್ಕರೆ ಪುಣ್ಯ.

ಮೂರನೆಯ ಸಂಗತಿ ಬಿಸಿಲು ಮತ್ತು ತೇವ. ಸಾಧಾರಣ ಉಷ್ಣತೆಯಲ್ಲಿ ಗಟ್ಟಿಯಾದ ಎಪಾಕ್ಸಿ ಕಡುಬಿಸಿಲಲ್ಲಿ ಕಾದರೆ ಮೆದುವಾಗತೊಡಗುತ್ತದೆ. ಇಂಥ ವಿಮಾನಗಳ ಮೈಗೆ ಬಿಳಿ ಬಣ್ಣ ಬಳಿಯುವುದು ಅಂದಕ್ಕಲ್ಲ. ನೇರಳಾತೀತ ಕಿರಣಕ್ಕೆ ಸಿಕ್ಕ ಅಂಟು ಹಳದಿಗಟ್ಟಿ ಪುಡಿಯಾಗುತ್ತದೆ. ಹಲವು ಸಂಯುಕ್ತ ಅಲಗುಗಳ ಒಳಗೆ ಇಂದಿಗೂ ಮರದ ತಿರುಳಿದೆ. ಹೊರಕವಚದ ಕೂದಲೆಳೆ ಬಿರುಕಿನಿಂದ ಒಳಗೆ ನೀರು ಇಳಿದರೆ ಒಂದು ಅಲಗು ಭಾರವಾಗಿ ಅಲುಗಾಟ ಶುರುವಾಗುತ್ತದೆ. ಮರದ ಎರಡಲಗಿನ ಪ್ರೊಪೆಲರನ್ನು ನಿಲ್ಲಿಸುವಾಗ ಅಡ್ಡಲಾಗಿ ನಿಲ್ಲಿಸುವುದು ಇದೇ ಕಾರಣಕ್ಕೆ. ನೆಟ್ಟಗೆ ನಿಲ್ಲಿಸಿದರೆ ತೇವವೆಲ್ಲ ಕೆಳಗಿನ ಅಲಗಿಗೆ ಇಳಿಯುತ್ತದೆ.

ಹೀಗಾಗಿ ಪ್ರೊಪೆಲರಿನ ಆಯುಷ್ಯವನ್ನು ತಯಾರಕರು ಎರಡು ಲೆಕ್ಕದಲ್ಲಿ ಕೊಡುತ್ತಾರೆ: ಇಷ್ಟು ಗಂಟೆ ಹಾರಾಟ, ಇಲ್ಲವೆ ಇಷ್ಟು ವರ್ಷ, ಯಾವುದು ಮೊದಲೋ ಅದು. ಶೆಡ್ಡಿನಲ್ಲಿ ಸುಮ್ಮನೆ ನಿಂತ ಪ್ರೊಪೆಲರಿಗೂ ವಯಸ್ಸಾಗುತ್ತದೆ ಎಂಬುದನ್ನು ಮನೆಯಲ್ಲೇ ವಿಮಾನ ಕಟ್ಟುವ ಹವ್ಯಾಸಿಗಳು ಒಪ್ಪುವುದು ಕಷ್ಟ, ಏಕೆಂದರೆ ಅವರ ವಿಮಾನ ವರ್ಷಕ್ಕೆ ಹಾರುವುದೇ ಕೆಲವು ಹತ್ತು ಗಂಟೆ. ಬಣ್ಣ ಕಿತ್ತಿದ್ದನ್ನು, ಅಂಚಿನ ಸಣ್ಣ ಗೀರನ್ನು ತಯಾರಕರ ಕೈಪಿಡಿ ಹೇಳಿದ ಮಿತಿಯೊಳಗೆ ತಾವೇ ಸರಿಪಡಿಸಬಹುದು. ನಾರು ಕತ್ತರಿಸಿದ್ದರೆ, ಅಲಗಿನ ಬುಡದಲ್ಲಿ ಗೆರೆ ಕಂಡರೆ ಎಪಾಕ್ಸಿ ಮೆತ್ತಿ ಮುಚ್ಚುವಂತಿಲ್ಲ. ಅದು ಕಾರ್ಖಾನೆಗೆ ಹೋಗಬೇಕು, ಇಲ್ಲವೆ ಗೋಡೆಗೆ ನೇತುಹಾಕಬೇಕು.

ಈಚೆಗೆ ಮಕ್ಕಳ ಕೈಗೆ ಡ್ರೋನ್ ಬಂದಿದೆ. ಅದರ ಅಂಗೈಯಗಲದ ಪ್ರೊಪೆಲರ್ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ತುದಿ ಮುಕ್ಕಾದ ಅಲಗಿಗೆ ಫೆವಿಕ್ವಿಕ್ ಹಚ್ಚಿ ಹಾರಿಸುವುದನ್ನು ನೋಡಿದ್ದೇನೆ. ತಂದೆ-ತಾಯಂದಿರು ಅದನ್ನು ಬಿಚ್ಚಿಸಿ ಎಸೆಸಬೇಕು. ಹೊಸದಕ್ಕೆ ಹೆಚ್ಚು ದುಡ್ಡೇನೂ ಬೀಳುವುದಿಲ್ಲ.