ಕರಿಯ ಕಾರಿನ ಮೆರುಗು

ಭೀಮಾ ನದಿಯ ದಂಡೆಯ ದೇವಣಗಾಂವಕ್ಕೆ ಬೇಸಗೆಯ ಒಂದು ಮಧ್ಯಾಹ್ನ ಹಳೆಯದೊಂದು ಕರಿಯ ಕ್ರೀಡಾಕಾರು ಬಂದು ನಿಂತಿತೆಂದು ಭಾವಿಸೋಣ. ಸಿಂದಗಿಯ ಕಡೆಯ ಎರೆನೆಲದ ದೂಳು ಅದರ ಮೈಯನ್ನೆಲ್ಲ ಮುಸುಕಿದೆ. ಒಡೆಯನು ಹೆಗಲ ಮೇಲಿನ ಒಣ ವಸ್ತ್ರವನ್ನು ತೆಗೆದು ಬಾನೆಟ್ಟನ್ನು ಒರೆಸುತ್ತಾನೆ. ದೂಳು ಹೋಗಿ ಕಪ್ಪು ಮಿನುಗುತ್ತದೆ, ಅವನಿಗೆ ಸಮಾಧಾನವಾಗುತ್ತದೆ. ಆದರೆ ಅದೇ ಕಾರನ್ನು ಸಂಜೆಯ ಇಳಿಬಿಸಿಲಿನಲ್ಲಿ ನೋಡಿದರೆ ಸೂರ್ಯನ ಪ್ರತಿಬಿಂಬದ ಸುತ್ತ ಜೇಡರ ಬಲೆಯಂತೆ ನವುರಾದ ಗೀರುಗಳು ಕಾಣುತ್ತವೆ. ಈ ಗೀರುಗಳು ಎಲ್ಲಿಂದ ಬಂದವು? ಬಿಳಿಯ ಕಾರಿನಲ್ಲಿ ಅಷ್ಟಾಗಿ ತೋರದವು ಕರಿಯ ಕಾರಿನಲ್ಲಿ ಏಕೆ ಎದ್ದು ತೋರುತ್ತವೆ? ಅವನ್ನು ಹೋಗಲಾಡಿಸುವ ಬಗೆ ಯಾವುದು? ಈ ಮೂರು ಪ್ರಶ್ನೆಗಳನ್ನು ನಾವಿಲ್ಲಿ ವಿಚಾರಿಸೋಣ.

ಮೊದಲನೆಯದಕ್ಕೆ ಉತ್ತರ ಆ ಒಣ ವಸ್ತ್ರದಲ್ಲಿಯೇ ಇದೆ. ಈ ಸೀಮೆಯ ಎರೆಮಣ್ಣು ಬಸಾಲ್ಟ್ ಎಂಬ ಕರಿಶಿಲೆಯು ಶಿಥಿಲವಾಗಿ ಉಂಟಾದುದು. ಅದರ ಜೇಡಿಯು ಮೃದುವಾದರೂ ದಾರಿಯ ದೂಳಿನಲ್ಲಿ ಶಿಲೆಯ ಗಟ್ಟಿ ಚೂರುಗಳೂ ನದಿಯ ಮರಳಿನ ಕಣಗಳೂ ಬೆರೆತಿರುತ್ತವೆ. ಖನಿಜಗಳ ಕಾಠಿಣ್ಯವನ್ನು 1ರಿಂದ 10ರ ವರೆಗಿನ ಮೋಸ್ ಮಾನದಲ್ಲಿ ಹೇಳುವುದು ವಾಡಿಕೆ. ಬಸಾಲ್ಟಿನ ಫೆಲ್ಡ್‌ಸ್ಪಾರ್ ಸುಮಾರು 6ರಷ್ಟು, ಮರಳಿನ ಬೆಣಚು 7ರಷ್ಟು ಕಠಿಣ. ಕಾರಿನ ಬಣ್ಣವು ಇವೆರಡಕ್ಕಿಂತಲೂ ಬಹಳ ಮೃದು. ಆದ್ದರಿಂದ ಒಣದೂಳನ್ನು ಒರೆಸುವುದೆಂದರೆ ಬಣ್ಣಕ್ಕೆ ಮರಳುಕಾಗದವನ್ನು ಉಜ್ಜಿದಂತೆಯೇ ಸರಿ.

ಎರಡನೆಯ ಪ್ರಶ್ನೆಯು ಬೆಳಕಿಗೆ ಸಂಬಂಧಿಸಿದುದು. ನುಣುಪಾದ ಬಣ್ಣದ ಮೇಲೆ ಬೆಳಕು ನೇರವಾಗಿ ಬಿದ್ದಾಗ ಅದರಲ್ಲಿ ಸುಮಾರು ಶೇಕಡಾ 4 ಭಾಗ ಮಾತ್ರ ಮೇಲ್ಮೈಯಿಂದ ಕನ್ನಡಿಯಲ್ಲಿ ಆಗುವಂತೆ ಹಿಂದಿರುಗುತ್ತದೆ. ಉಳಿದುದು ಒಳಹೊಗುತ್ತದೆ. ಬಿಳಿಯ ಬಣ್ಣದಲ್ಲಿ ಹಾಗೆ ಒಳಹೊಕ್ಕ ಬೆಳಕಿನ ಬಹುಭಾಗವು ವರ್ಣಕಣಗಳಿಂದ ಚದರಿ ಎಲ್ಲ ದಿಕ್ಕುಗಳಿಗೂ ಹೊರಬರುತ್ತದೆ. ಕಪ್ಪು ಬಣ್ಣದಲ್ಲಿಯಾದರೋ ಇಂಗಾಲದ ಕಣಗಳು ಅದನ್ನು ನುಂಗಿಬಿಡುತ್ತವೆ. ಈಗ ಗೀರುಗಳು ಬೆಳಕಿನ ನೂರರಲ್ಲಿ ಒಂದು ಪಾಲನ್ನು ಅಡ್ಡಾದಿಡ್ಡಿಯಾಗಿ ಚದರಿಸಿದುವೆಂದು ಇಟ್ಟುಕೊಳ್ಳೋಣ. ಬಿಳಿಯ ಕಾರಿನಲ್ಲಿ ಎಂಬತ್ತಕ್ಕೆ ಒಂದು ಸೇರಿದರೆ ಕಣ್ಣಿಗೆ ಭೇದ ತಿಳಿಯದು. ಕರಿಯ ಕಾರಿನಲ್ಲಿ ಬಹುಮಟ್ಟಿಗೆ ಸೊನ್ನೆಗೆ ಒಂದು ಸೇರುತ್ತದೆ. ಆ ಒಂದೇ ಎದ್ದು ಕಾಣುತ್ತದೆ.

ಗೀರುಗಳು ಸುತ್ತುಸುತ್ತಾಗಿ ಕಾಣುವುದೇಕೆಂಬುದನ್ನು ವಾಚಕರು ಮನೆಯಲ್ಲಿಯೇ ಪರೀಕ್ಷಿಸಬಹುದು. ಬಹುದಿನ ತಿಕ್ಕಿ ತೊಳೆದ ಸ್ಟೀಲ್ ತಟ್ಟೆಯೊಂದನ್ನು ಒಂಟಿ ದೀಪದ ಕೆಳಗೆ ಹಿಡಿಯಿರಿ. ದೀಪದ ಬಿಂಬದ ಸುತ್ತ ಗೀರುಗಳು ಬಳೆಬಳೆಯಾಗಿ ತೋರುತ್ತವೆ. ತಟ್ಟೆಯನ್ನು ಸರಿಸಿದರೆ ಬಳೆಗಳೂ ಬಿಂಬದ ಜೊತೆಗೇ ಸರಿಯುತ್ತವೆ! ನಿಜವಾಗಿ ಗೀರುಗಳು ಎಲ್ಲ ದಿಕ್ಕುಗಳಲ್ಲಿಯೂ ಇವೆ. ಬಿಂಬಕ್ಕೆ ಅಡ್ಡಲಾಗಿರುವವು ಮಾತ್ರ ಬೆಳಕನ್ನು ನಮ್ಮ ಕಣ್ಣಿನ ಕಡೆಗೆ ತಿರುಗಿಸುತ್ತವೆ.

ಇನ್ನು ಪರಿಹಾರ. ಗೀರೆಂದರೆ ಬಣ್ಣದಲ್ಲಿ ತೋಡಿದ ಕಾಲುವೆ. ಕಾಲುವೆಯನ್ನು ಇಲ್ಲದಂತೆ ಮಾಡಲು ಅದರ ತಳದವರೆಗೆ ಸುತ್ತಲ ನೆಲವನ್ನೇ ತಗ್ಗಿಸಬೇಕು. ಮೆರುಗು ಕೊಡುವುದೆಂದರೆ ಏನನ್ನೋ ಸೇರಿಸುವುದೆಂದು ಜನರು ತಿಳಿಯುತ್ತಾರೆ. ವಾಸ್ತವವಾಗಿ ಅದು ಸ್ವಲ್ಪವನ್ನು ಕಳೆಯುವ ಕೆಲಸ. ಚನ್ನಪಟ್ಟಣದ ಬೊಂಬೆಗಾರರು ತಿರುಗುವ ಮರಕ್ಕೆ ಅರಗನ್ನು ಒತ್ತಿದಾಗ ಘರ್ಷಣೆಯ ಶಾಖದಿಂದ ಅರಗು ಕರಗಿ ಹರಡಿ ತಾನೇ ನುಣುಪಾಗುತ್ತದೆ. ಇಂದಿನ ಕಾರಿನ ಬಣ್ಣವು ಗಟ್ಟಿಯಾದ ಮೇಲೆ ಹಾಗೆ ಕರಗದು. ಅದನ್ನು ಅಲ್ಯುಮಿನದಂತಹ ಕಠಿಣ ಪುಡಿಯಿಂದ ಸವೆಯಿಸಿಯೇ ನಯಗೊಳಿಸಬೇಕು. ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದವು 0.4ರಿಂದ 0.7 ಮೈಕ್ರಾನ್, ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಮೇಲ್ಮೈಯ ಏರುತಗ್ಗುಗಳು ಈ ಅಳತೆಗಿಂತ ಬಹಳ ಕಡಿಮೆಯಾದಾಗ ಅದು ಕನ್ನಡಿಯಂತೆ ವರ್ತಿಸುತ್ತದೆ.

ಹಾಗಾದರೆ ಕಳೆಯಲು ನಮ್ಮಲ್ಲಿ ಎಷ್ಟಿದೆ? ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. 1980ರ ದಶಕದಿಂದೀಚೆಗೆ ಸಾಮಾನ್ಯವಾದ ಕ್ರಮದಲ್ಲಿ ಬಣ್ಣದ ಮೇಲೆ ಪಾರದರ್ಶಕವಾದ ಲೇಪವೊಂದಿರುತ್ತದೆ. ಅದರ ದಪ್ಪ ಸುಮಾರು 40 ಮೈಕ್ರಾನ್, ಎಂದರೆ ಕೂದಲಿಗಿಂತಲೂ ಕಡಿಮೆ. ಬಿಸಿಲಿನ ಅತಿನೇರಳೆ ಕಿರಣಗಳಿಂದ ಬಣ್ಣವನ್ನು ಕಾಪಾಡುವುದೂ ಈ ಲೇಪವೇ. ಒಂದು ಸಲದ ಬಲವಾದ ಉಜ್ಜುವಿಕೆಗೆ ಇದರಲ್ಲಿ ಕೆಲವು ಮೈಕ್ರಾನುಗಳು ಹೋಗುತ್ತವೆ. ಹೋದುದು ಮತ್ತೆ ಬಾರದು. ಇನ್ನೂ ಹಳೆಯ ಕಾರುಗಳಲ್ಲಿ ಪಾರದರ್ಶಕ ಲೇಪವಿಲ್ಲ. ಬಣ್ಣವೇ ಮೇಲಿನ ಪದರ. ಅಂತಹವನ್ನು ಉಜ್ಜಿದರೆ ವಸ್ತ್ರವು ಕಪ್ಪಾಗುತ್ತದೆ.

ಆದುದರಿಂದ ಬಲ್ಲವರು ಮೊದಲು ಅಳೆಯುತ್ತಾರೆ. ಉಕ್ಕಿನ ಮೈಯ ಮೇಲಿನ ಬಣ್ಣದ ದಪ್ಪವನ್ನು ಕಾಂತತ್ವದಿಂದ ಕೆಲಸಮಾಡುವ ಮಾಪಕವು ತಿಳಿಸುತ್ತದೆ. ಆದರೆ 1990ರ ದಶಕದ ಕೊನೆಯಲ್ಲಿ ಬೆಂಗಳೂರು ಮೂಲದ ಸ್ಯಾನ್ ಮೋಟಾರ್ಸ್ ಸಂಸ್ಥೆಯು ಹೊರತಂದ ‘ಸ್ಯಾನ್ ಸ್ಟಾರ್ಮ್’ ಎಂಬ ಎರಡು ಆಸನಗಳ ಕ್ರೀಡಾಕಾರಿನ ಮೈ ಫೈಬರ್ ಗ್ಲಾಸಿನದು. ಅಲ್ಲಿ ಈ ಮಾಪಕವು ನಿರುಪಯೋಗಿ. ಶ್ರವಣಾತೀತ ಧ್ವನಿಯ ಮಾಪಕವೇ ಬೇಕು.

ಅಳತೆಯಾದ ಮೇಲೆ ಕ್ರಮವಾದ ಕೆಲಸ. ಕಾರನ್ನು ನೆರಳಿನಲ್ಲಿ ನಿಲ್ಲಿಸಿ ತಣಿಯಗೊಡಬೇಕು. ಮೊದಲು ಧಾರಾಳವಾಗಿ ನೀರು ಹೊಯ್ದು ದೂಳನ್ನು ಹರಿಯಬಿಟ್ಟು, ಅನಂತರ ಸೋಪಿನ ನೀರಿನಿಂದ ತೊಳೆಯಬೇಕು. ಬಣ್ಣಕ್ಕೆ ಅಂಟಿದ ಡಾಂಬರು ಮೊದಲಾದವನ್ನು ತೆಗೆದು, ಅಂಚುಗಳಿಗೆ ಟೇಪು ಹಚ್ಚಬೇಕು. ಅಂಚುಗಳಲ್ಲಿ ಬಣ್ಣವು ತೆಳು, ಬೇಗ ಸವೆಯುತ್ತದೆ. ಬಳಿಕ ಅಂಗೈಯಗಲದ ಒಂದು ಜಾಗದಲ್ಲಿ ಎಲ್ಲಕ್ಕಿಂತ ನವುರಾದ ಪುಡಿಯಿಂದ ಪ್ರಯೋಗ ಮಾಡಬೇಕು. ಅದರಿಂದ ಸಾಲದಿದ್ದರೆ ಮಾತ್ರ ಒರಟಾದುದಕ್ಕೆ ಹೋಗಬೇಕು. ಒರಟು ಪುಡಿಯು ತಾನೇ ಉಂಟುಮಾಡಿದ ಮಬ್ಬನ್ನು ನವುರು ಪುಡಿಯು ಕಳೆಯುತ್ತದೆ. ಯಂತ್ರವನ್ನು ಒಂದೇ ಕಡೆ ನಿಲ್ಲಿಸಿದರೆ ಶಾಖವೇರಿ ಬಣ್ಣ ಸುಟ್ಟೀತು. ಬಹಳ ಹಳೆಯ ಬಣ್ಣಗಳಲ್ಲಿಯೂ ಒಳಪದರಗಳಲ್ಲಿಯೂ ಸೀಸವಿರಬಹುದು. ಅವನ್ನು ಒಣದಾಗಿ ಉಜ್ಜಿ ಆ ದೂಳನ್ನು ಉಸಿರಾಡಲಾಗದು.

ಇಲ್ಲಿ ಒಂದು ಮೋಸವೂ ಉಂಟು. ಗೀರು ಬಿದ್ದ ಬಾನೆಟ್ಟಿನ ಮೇಲೆ ಎಣ್ಣೆಯನ್ನಾಗಲಿ ಮೇಣವನ್ನಾಗಲಿ ಬಳಿದರೆ ಗೀರುಗಳು ಮಾಯವಾದಂತೆ ತೋರುತ್ತವೆ. ಇವುಗಳ ವಕ್ರೀಭವನಾಂಕವು ಬಣ್ಣದ ವಕ್ರೀಭವನಾಂಕವಾದ ಸುಮಾರು 1.5ಕ್ಕೆ ಸಮೀಪವಾದುದು. ಹೀಗಾಗಿ ಕಾಲುವೆ ತುಂಬಿದೊಡನೆ ಬೆಳಕಿಗೆ ಅಲ್ಲಿ ಅಡ್ಡಿಯೇ ಕಾಣುವುದಿಲ್ಲ. ಕೆಲವು ಸಲ ತೊಳೆದ ಮೇಲೆ ಗೀರುಗಳೆಲ್ಲ ಮರಳಿ ಬರುತ್ತವೆ. ಅದಕ್ಕಾಗಿಯೇ ಕುಶಲರು ನೀರು ಬೆರೆಸಿದ ಆಲ್ಕೋಹಾಲಿನಿಂದ ಒರೆಸಿ, ಆಮೇಲೆ ತಮ್ಮ ಕೆಲಸವನ್ನು ಪರೀಕ್ಷಿಸುತ್ತಾರೆ. ಆದರೂ ಮೇಣವನ್ನು ಹಳಿಯಬೇಕಾಗಿಲ್ಲ. ಉಗುರಿಗೆ ತಡೆಯುವಷ್ಟು ಆಳವಾದ ಗೀರನ್ನು ಪೂರ್ತಿ ಕಳೆಯಹೊರಟರೆ ಬಣ್ಣವೇ ಹರಿದುಹೋಗಬಹುದು. ಅದನ್ನು ತುಸು ಮಂದಗೊಳಿಸಿ ಮೇಣದಿಂದ ಮರೆಮಾಡುವುದೇ ವಿವೇಕ.

ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಕಾರು ಸಂಗ್ರಹಾಲಯದಂತಹ ಕಡೆ ಹಳೆಯ ಕಾರುಗಳನ್ನು ನಾವು ನೋಡುವಾಗ ಈ ವಿಚಾರವನ್ನು ನೆನೆಯಬೇಕು. ಸವೆದ ಯಂತ್ರಭಾಗವನ್ನು ಹೊಸದಾಗಿ ಮಾಡಿಸಬಹುದು, ಹರಿದ ಆಸನವನ್ನು ಹೊಲಿಸಬಹುದು. ಕಾರ್ಖಾನೆಯಲ್ಲಿ ಅಂದು ಬಳಿದ ಮೂಲ ಬಣ್ಣವಾದರೋ ಒಂದೇ ಬಾರಿ ದೊರೆಯತಕ್ಕದ್ದು. ದೇವಣಗಾಂವದ ಬಿಸಿಲಿನಲ್ಲಿ ನಿಂತ ಆ ಕಾರಿನ ಒಡೆಯನಿಗೆ ನಾವು ಹೇಳಬಹುದಾದುದು ಇಷ್ಟೇ: ಒಣ ವಸ್ತ್ರವನ್ನು ಹೆಗಲ ಮೇಲೆಯೇ ಇಟ್ಟು, ಮೊದಲು ಎರಡು ಕೊಡ ನೀರು ಹೊಯ್ಯಿರಿ. ಬೀಳದ ಗೀರಿಗೆ ಮೆರುಗಿನ ಅಗತ್ಯವಿಲ್ಲ.