ಮರದ ಮನೆಗಳ ಪರ ನಿಂತ ಹೆಸಿಂಗ್

1872ರ ಜನವರಿ 15ರ ಸಂಜೆ ಶಿಕಾಗೊದ ಉತ್ತರ ಭಾಗದ ಜನ ನಗರಸಭೆಯತ್ತ ಮೆರವಣಿಗೆ ಹೊರಟರು. ಬಹುಪಾಲು ದುಡಿಯುವ ಜರ್ಮನ್ ಕುಟುಂಬಗಳವರು. ಹಿಂದಿನ ಅಕ್ಟೋಬರ್‌ನಲ್ಲಿ ಊರನ್ನು ನುಂಗಿದ ಬೆಂಕಿಯಲ್ಲಿ ಸುಮಾರು 300 ಜನ ಸತ್ತು, ಒಂದು ಲಕ್ಷ ಜನ ಮನೆ ಕಳೆದುಕೊಂಡಿದ್ದರು. ನಗರದ ಎಲ್ಲೆಯೊಳಗೆ ಇನ್ನು ಮರದ ಮನೆ ಕಟ್ಟಲೇಬಾರದು ಎನ್ನುವುದು ಹೊಸ ಮೇಯರ್ ಜೋಸೆಫ್ ಮೆಡಿಲ್ ಅವರ ಪಟ್ಟು. ಅದನ್ನು ತಡೆಯಲು ಜನರನ್ನು ಬೀದಿಗಿಳಿಸಿದವರು ಆಂಟನ್ ಕಾಸ್ಪರ್ ಹೆಸಿಂಗ್.

ಹೆಸಿಂಗ್ ಹುಟ್ಟಿದ್ದು 1823ರಲ್ಲಿ, ಜರ್ಮನಿಯ ಓಲ್ಡನ್‌ಬರ್ಗ್ ಸೀಮೆಯ ಫೆಕ್ಟಾದಲ್ಲಿ. ಎಳೆಯ ವಯಸ್ಸಿನಲ್ಲೇ ತಂದೆ ತಾಯಿಯನ್ನು ಕಳೆದುಕೊಂಡು ಅಮೆರಿಕಕ್ಕೆ ಬಂದರು. ಸಿನ್ಸಿನಾಟಿಯಲ್ಲಿ ದಿನಸಿ ವ್ಯಾಪಾರ ಮಾಡಿ, 1850ರ ದಶಕದಲ್ಲಿ ಶಿಕಾಗೊ ಸೇರಿದರು. ಅಲ್ಲಿ ಕೈಹಾಕಿದ ಇಟ್ಟಿಗೆ ಉದ್ಯಮ 1857ರ ಆರ್ಥಿಕ ಕುಸಿತದಲ್ಲಿ ಮುಳುಗಿತು. ಬಳಿಕ ಹಿಡಿದದ್ದು ರಾಜಕೀಯದ ದಾರಿ. 1860ರಲ್ಲಿ ರಿಪಬ್ಲಿಕನ್ ಪಕ್ಷದಿಂದ ಕುಕ್ ಕೌಂಟಿಯ ಶೆರಿಫ್ ಆಗಿ ಗೆದ್ದರು. ಕೆಲವೇ ವರ್ಷಗಳಲ್ಲಿ 'ಇಲಿನಾಯ್ ಸ್ಟಾಟ್ಸ್-ಜೈಟುಂಗ್' ಎಂಬ ಜರ್ಮನ್ ದಿನಪತ್ರಿಕೆಯೂ ಅವರದಾಯಿತು. 1870ರ ಹೊತ್ತಿಗೆ ಶಿಕಾಗೊದ ಮೂರು ಲಕ್ಷ ಜನರಲ್ಲಿ 50 ಸಾವಿರಕ್ಕೂ ಹೆಚ್ಚು ಮಂದಿ ಜರ್ಮನಿಯಲ್ಲೇ ಹುಟ್ಟಿದವರು. ಆ ಪತ್ರಿಕೆಯ ಒಡೆತನಕ್ಕೆ ಎಷ್ಟು ತೂಕವಿತ್ತೆಂದು ಊಹಿಸಬಹುದು.

ಈ ಜನರಿಗೆ ಮತದ ಬೆಲೆ ಮೊದಲೇ ಗೊತ್ತಾಗಿತ್ತು. 1855ರಲ್ಲಿ ವಲಸಿಗರನ್ನು ಸಹಿಸದ 'ನೋ-ನಥಿಂಗ್' ಗುಂಪಿನ ಮೇಯರ್ ಲೆವಿ ಬೂನ್, ಮದ್ಯದಂಗಡಿಯ ಪರವಾನಗಿ ಶುಲ್ಕವನ್ನು 50 ಡಾಲರ್‌ನಿಂದ 300ಕ್ಕೆ ಏರಿಸಿ, ಭಾನುವಾರ ಅಂಗಡಿಗಳಿಗೆ ಬೀಗ ಹಾಕಿಸಿದ್ದರು. ವಾರವಿಡೀ ದುಡಿದವರು ಹೆಂಡತಿ ಮಕ್ಕಳೊಡನೆ ಬಿಯರ್ ತೋಟದಲ್ಲಿ ಕೂರುತ್ತಿದ್ದದ್ದು ಅದೊಂದೇ ದಿನ. ಏಪ್ರಿಲ್‌ನಲ್ಲಿ ಗಲಭೆಯಾಯಿತು, ಗುಂಡು ಹಾರಿತು. ಮರುವರ್ಷದ ಚುನಾವಣೆಯಲ್ಲಿ ಜರ್ಮನರೂ ಐರಿಷರೂ ಸೇರಿ ಆ ಗುಂಪನ್ನೇ ಅಧಿಕಾರದಿಂದ ಇಳಿಸಿದರು.

ಮರದ ಮನೆಯ ಪ್ರಶ್ನೆ ಇದಕ್ಕಿಂತ ಆಳವಾದದ್ದು. ಉತ್ತರ ಭಾಗದ ಕೆಲಸಗಾರರಿಗೆ ಆಸ್ತಿಯೆಂದರೆ ಒಂದು ಚಿಕ್ಕ ನಿವೇಶನ, ಅದರ ಮೇಲೊಂದು ಹಲಗೆ ಮನೆ. ಮನೆ ಬೂದಿಯಾಗಿತ್ತು, ನಿವೇಶನ ಉಳಿದಿತ್ತು. ಇಟ್ಟಿಗೆಯಲ್ಲಿ ಕಟ್ಟಲು ಅವರ ಬಳಿ ಹಣವಿಲ್ಲ. ಮರದಲ್ಲಿ ಕಟ್ಟಬಾರದೆಂದರೆ ಆ ನೆಲವನ್ನು ಸಿಕ್ಕಷ್ಟಕ್ಕೆ ಮಾರಿ ಬಾಡಿಗೆದಾರರಾಗಬೇಕು. ಹೆಸಿಂಗ್ ಕೇಳಿದ್ದು ಇದನ್ನೇ: ಊರಿನ ಸುರಕ್ಷತೆಗೆ ಬಡವರ ನೆಲವೇ ಬೆಲೆಯೇ? ಆ ಸಂಜೆ ನಗರಸಭೆಯ ಕಿಟಕಿ ಗಾಜುಗಳು ಒಡೆದವು, ಇಂಗ್ಲಿಷ್ ಪತ್ರಿಕೆಗಳು ಅವರನ್ನು ಪುಂಡರೆಂದು ಜರಿದವು. ಆದರೆ ಕೊನೆಗೆ ನಿಷೇಧದ ಗಡಿ ಹಿಂದೆ ಸರಿದು, ಉತ್ತರ ಭಾಗದ ಬಹಳಷ್ಟು ಬೀದಿಗಳು ಅದರಿಂದ ಹೊರಗುಳಿದವು. ಮೆಡಿಲ್ ಅವರ ಭಯ ಸುಳ್ಳಾಗಿರಲಿಲ್ಲ. 1874ರ ಜುಲೈನಲ್ಲಿ ಊರು ಮತ್ತೆ ಹೊತ್ತಿ ಉರಿದಾಗ, ವಿಮಾ ಕಂಪನಿಗಳ ಒತ್ತಡಕ್ಕೆ ಮಣಿದು ನಿಷೇಧವನ್ನು ಇಡೀ ನಗರಕ್ಕೆ ಹಬ್ಬಿಸಲಾಯಿತು. ಆದರೂ 1872ರಲ್ಲಿ ನ್ಯಾಯ ಹೆಸಿಂಗ್ ಅವರ ಕಡೆ ಇತ್ತೆಂದೇ ನನ್ನ ನಂಬಿಕೆ. ಕಟ್ಟಲು ಸಾಲವನ್ನೋ ಸಹಾಯವನ್ನೋ ಕೊಡದೆ ಇಟ್ಟಿಗೆಯಲ್ಲೇ ಕಟ್ಟಿರಿ ಎನ್ನುವುದು, ಊರು ಬಿಡಿ ಎಂದಂತೆಯೇ.

ಮೆಡಿಲ್ ಭಾನುವಾರದ ಬೀಗವನ್ನೂ ಮತ್ತೆ ತಂದಾಗ, ಹೆಸಿಂಗ್ ತಮ್ಮ ರಿಪಬ್ಲಿಕನ್ ನಂಟು ಬಿಟ್ಟು ಐರಿಷರೊಡನೆ 'ಪೀಪಲ್ಸ್ ಪಾರ್ಟಿ' ಕಟ್ಟಿದರು. 1873ರ ನವೆಂಬರ್‌ನಲ್ಲಿ ಅವರ ಅಭ್ಯರ್ಥಿ ಹಾರ್ವಿ ಕಾಲ್ವಿನ್ ಭಾರಿ ಅಂತರದಿಂದ ಮೇಯರ್ ಆದರು. ಬೀದಿ ಕಡೆಯ ಬಾಗಿಲು, ಕಿಟಕಿ ಮುಚ್ಚಿಟ್ಟರೆ ಸಾಕು, ಭಾನುವಾರವೂ ಮದ್ಯದಂಗಡಿ ನಡೆಸಬಹುದು ಎಂದು ನಗರಸಭೆ ನಿಯಮ ಸಡಿಲಿಸಿತು.

ಗೆದ್ದ ಬಲ ನೇರ ದಾರಿಯಲ್ಲಿ ಉಳಿಯಲಿಲ್ಲ. 1875ರಲ್ಲಿ ವಿಸ್ಕಿ ತೆರಿಗೆಯನ್ನು ಲಂಚ ಕೊಟ್ಟು ನುಂಗುತ್ತಿದ್ದ ದೊಡ್ಡ ಜಾಲ ಬಯಲಾದಾಗ ಹೆಸಿಂಗ್ ಹೆಸರೂ ಹೊರಬಂತು. ಶಿಕ್ಷೆಯಾಗಿ ಜೈಲು ಸೇರಿದರು, ಅವಧಿ ಮುಗಿಯುವ ಮೊದಲೇ ಕ್ಷಮಾದಾನ ಸಿಕ್ಕಿತು. ಬಡವರ ನಿವೇಶನಕ್ಕಾಗಿ ಬೀದಿಗಿಳಿದವರು ಸರ್ಕಾರದ ಬೊಕ್ಕಸಕ್ಕೆ ಕನ್ನ ಹಾಕಿದವರ ಜೊತೆ ಸೇರಿದ್ದು ನೋವಿನ ಸಂಗತಿ. ಆದರೂ ಉತ್ತರ ಭಾಗದಲ್ಲಿ ಅವರ ಮನೆತನದ ಹೆಸರು ಅಳಿಯಲಿಲ್ಲ. ಮಗ ವಾಷಿಂಗ್ಟನ್ ಹೆಸಿಂಗ್ ಪತ್ರಿಕೆಯನ್ನು ನಡೆಸಿ, 1893ರಲ್ಲಿ ಶಿಕಾಗೊದ ಪೋಸ್ಟ್‌ಮಾಸ್ಟರ್ ಆದರು. 1897ರಲ್ಲಿ ಮೇಯರ್ ಸ್ಥಾನಕ್ಕೆ ನಿಂತು ಸೋತರು. ಅದಕ್ಕೆ ಎರಡು ವರ್ಷ ಮೊದಲೇ ತಂದೆ ತೀರಿಕೊಂಡಿದ್ದರು.